ಹೆಸರು ಗೊತ್ತಿಲ್ಲದ ನಡುಗಡ್ಡಿಗೆ ಯಾಕ ಹೊಂಟೇವಿ ಅಂದ್ರ

ಹೋದ ವಾರ ವೈನಿ ಮನಿಗೆ ಅರಿಷಿಣ-ಕುಂಕುಮಕ್ಕ ಹೋದಾಗ ಮಾತಿಗೆ ಮಾತು ಬಂದು, ನಾವಿಬ್ಬರೂ ಜೂನ್ ಕಡೀಕ ಜರ್ಮನಿಗೆ ಮಗಳ ಕಡೆ ಹೊಂಟೇವಿ, ಅಲ್ಲಿಂದ ಎಂಟು ದಿನ ತೆರ್ಸೇರಾ ಅನ್ನೂ ನಡುಗಡ್ಡಿಗೆ ಹೋಗ್ತೇವಿ ಅಂತ ಬಾಯಿ ಬಿಟ್ಟೆ. ಒಂದ್ ಕ್ಷಣ ಎಲ್ಲಾರೂ ಸುಮ್ಮನ ಕೂತ್ರು. ಆಮ್ಯಾಲೆ ಒಬ್ಬಾಕಿ, "ತೆರ್ಸೇರಾ? ಶುಗರ್ ಗುಳಿಗಿ ಹೆಸರು ಇದ್ದಂಗ ಅದಲ್ಲ" ಅಂದ್ಲು. ಎಲ್ಲಾರೂ ಹೊಟ್ಟಿ ಹಿಡಕೊಂಡು ನಕ್ಕರು, ನಾನೂ ನಕ್ಕೆ. ವೈನಿ ಮಾತ್ರ ನಗಲಿಲ್ಲ. "ಅಷ್ಟ ದೂರ ಹೋಗಿ, ಅಷ್ಟ ರೊಕ್ಕ ಹಾಕಿ, ಹೆಸರು ಹೇಳಿದ್ರ ಯಾರಿಗೂ ಗೊತ್ತಾಗದ ಊರಿಗೆ ಯಾಕ ಹೋಗ್ತೀ? ಪ್ಯಾರಿಸ್ ಅಂದ್ರ ಕೇಳಿದವರು ಹೂಂ ಅಂತಾರ. ಇದಕ್ಕ ಮದ್ಲ ಭೂಗೋಳದ ಪಾಠಾನ ಮಾಡಬೇಕು" ಅಂದ್ರು.

ಆ ಪಾಠ ಇವತ್ತು ಮಾಡಿ ಮುಗಿಸ್ತೀನಿ. ಜೋಡೀಗೆ ಆರು ವರ್ಷದಿಂದ ಹೊಟ್ಟ್ಯಾಗ ಇಟ್ಟಗೊಂಡಿದ್ದ ಒಂದು ಮಾತೂ ಹೇಳ್ತೀನಿ.

ಪೋರ್ಚುಗಲ್ ದೇಶದ ಪಶ್ಚಿಮಕ್ಕ, ಅಟ್ಲಾಂಟಿಕ್ ಸಮುದ್ರದ ನಡುವ ಅಝೋರ್ಸ್ ಅಂತ ಒಂಬತ್ತು ನಡುಗಡ್ಡಿ ಅವ. ಎಲ್ಲಾ ಪೋರ್ಚುಗಲ್‌ಗೇ ಸೇರಿದ್ದು. ಎಲ್ಲಾ ಸಮುದ್ರದ ತಳದಿಂದ ಜ್ವಾಲಾಮುಖಿ ಉಕ್ಕಿ ಹುಟ್ಟಿದ್ದು. ಭೂಮಿ ಮ್ಯಾಲಿನ ಮೂರು ದೊಡ್ಡ ಚಿಪ್ಪು, ಅಂದ್ರ ಅಮೆರಿಕಾದ್ದು, ಯುರೋಪಿಂದು, ಆಫ್ರಿಕಾದ್ದು, ಅಲ್ಲೆ ಬಂದು ಕೂಡ್ತಾವ. ಆ ಸಂದಿನಿಂದ ಒಳಗಿನ ಬೆಂಕಿ ಮ್ಯಾಲೆ ಬಂದದ. ಅದರಾಗ ಮೂರನೇದ್ದಾಗಿ ಸಿಕ್ಕ ನಡುಗಡ್ಡಿ ಅಂತ ತೆರ್ಸೇರಾ ಅಂತ ಹೆಸರು. ಪೋರ್ಚುಗೀಸರ ಭಾಷಾದಾಗ ತೆರ್ಸೇರಾ ಅಂದ್ರ ಮೂರನೇದು. ಸುಮಾರು 400 ಚದರ ಕಿಲೋಮೀಟರ್ ಜಾಗ, 50,000ಕ್ಕಿಂತ ಹೆಚ್ಚು ಜನ, ಅವರ ನಡುವ ಎಲ್ಲಿ ನೋಡಿದ್ರೂ ಆಕಳ. ಲಿಸ್ಬನ್‌ದಿಂದ ವಿಮಾನದಾಗ ಎರಡೂವರಿ ತಾಸು. ಇಷ್ಟ ಭೂಗೋಳ.

ಈಗ ಆ ಹೊಟ್ಟ್ಯಾಗಿನ ಮಾತು. ಆರು ವರ್ಷದ ಹಿಂದ ನಾವು ಹನ್ನೊಂದು ದಿನದಾಗ ಏಳು ದೇಶ ತೋರ್ಸೂ ಪ್ಯಾಕೇಜಿನ್ಯಾಗ ಯುರೋಪಿಗೆ ಹೋಗಿದ್ದು ನಿಮಗೆಲ್ಲಾ ಗೊತ್ತು. ಬಂದ ಮ್ಯಾಲೆ ಎಲ್ಲಾರ ಮನೀಗೂ ಚಾಕೊಲೇಟ್ ಹಂಚಿದೆ. ಹ್ಯಾಂಗಿತ್ತು ಅಂದವರಿಗೆಲ್ಲಾ "ಭಾಳ ಛೊಲೋ ಇತ್ತು" ಅಂದೆ. ಖರೇ ಹೇಳಬೇಕಂದ್ರ ಛೊಲೋ ಇರಲಿಲ್ಲ.

ದಿನಾ ಮುಂಜಾನೆ ಐದೂವರಿಗೆ ಎದ್ದು ಬ್ಯಾಗ್ ಬಾಗಿಲದಾಗ ಇಡಬೇಕು. ಬಸ್ ಹತ್ತಬೇಕು. ಮೂರನೇ ದಿನಾನ ನನ್ನ ಬಲಮೊಳಕಾಲು ಊದಿತು. ನಮ್ಮನಿಯವರಿಗೆ ಊಟ ಒಗ್ಗಲಿಲ್ಲ ಅಂತ ರಾತ್ರಿ ಹತ್ತಕ್ಕ ಹೋಟೆಲಿನ ಖೋಲ್ಯಾಗ, ಬಚ್ಚಲಮನಿ ಕಟ್ಟಿ ಮ್ಯಾಲೆ ಸಣ್ಣ ಕುಕ್ಕರ್ ಇಟ್ಟು ಅನ್ನ ಮಾಡಿದೆ. ಹೊಗಿ ವಾಸನಿಗೆ ಗಂಟಿ ಹೊಡದೀತು ಅಂತ ಕಿಡಕಿ ತಗದು, ಥಂಡ್ಯಾಗ ನಿಂತು, ಟಾವೆಲ್ ಬೀಸಿದೆ. ರೋಮ್‌ದಾಗ ಆ ಹಳೇ ದೊಡ್ಡ ಆಟದ ಬಯಲು ನೋಡಲಿಕ್ಕೆ ಎಲ್ಲಾರೂ ಇಳದ್ರು. ನನಗ ಇಳೀಲಿಕ್ಕೆ ಆಗಲಿಲ್ಲ. "ನಂದೇನಿಲ್ಲ, ನೀವು ಹೋಗಿ ಬರ್ರಿ" ಅಂದೆ, ಇವರು ಹೋದ್ರು. ಬಸ್ಸಿನ ಕಿಡಕಿಯಿಂದ ಅದರ ಒಂದು ಬದಿ ಕಾಣ್ತಿತ್ತು. ಎರಡು ತಾಸು ಅದನ್ನ ನೋಡಕೋತ ಕೂತೆ. ಇಬ್ಬರಿಗೂ ಕೂಡಿ 4 ಲಕ್ಷದ ಮ್ಯಾಲೆ ಖರ್ಚಾಗಿತ್ತು. ಹಂಗಾಗೇ ಛೊಲೋ ಇರಲಿಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲ. ನಿಮ್ಮಾಗ ಇಬ್ಬರು ನನ್ನ ಮಾತು ಕೇಳಿ ಅದೇ ಪ್ಯಾಕೇಜಿಗೆ ಹೋಗಿ ಬಂದ್ರಿ. ಅದೊಂದು ನನಗ ಇವತ್ತಿಗೂ ಚುಚ್ಚತದ.

ಅವತ್ತಿನಿಂದ ನನ್ನ ಅಭಿಪ್ರಾಯ ಒಂದ. ಪ್ರವಾಸದ ಲೆಕ್ಕ ಹಾಕೂ ಕೆಲಸಾ ಮನಿ ನಡಸೂ ಹೆಂಗಸ್ರು ಮಾಡಬೇಕು. ಮನ್ಯಾಗ ಯಾರ ಮೊಳಕಾಲು ಎಷ್ಟು ನಡೀತದ, ಯಾರಿಗೆ ಎಷ್ಟೊತ್ತಿಗೆ ಹಸಿವಾಗ್ತದ, ಯಾರು ಬಿಪಿ ಗುಳಿಗಿ ಮರೀತಾರ ಅನ್ನೂದು ನಮಗ ಗೊತ್ತು. ಮದಿವಿಗೆ ಐನೂರು ಎಲಿ ಊಟದ ಅಂದಾಜು ಹಾಕ್ತೇವಿ. ಎಂಟು ದಿನದ ಅಂದಾಜು ಹಾಕಲಿಕ್ಕೆ ಬರೂದಿಲ್ಲೇನು? ಈ ಸಲ ನಾನ ಹಾಕೇನಿ. ರೊಕ್ಕದಾಗೂ ನನ್ನ ಪಾಲದ. ಒಂಬತ್ತು ವರ್ಷ ತುಂಬಿದ ಭಿಶಿ ರೊಕ್ಕ, 1,80,000. ಅದನ್ನ ಬಂಗಾರಕ್ಕ ಹಾಕು ಅಂದವರು ಭಾಳ ಮಂದಿ.

ತೆರ್ಸೇರಾನ ಯಾಕ ಅಂದ್ರ, ಮಗಳ ಮನಿ ಕೆಳಗಿನ ಮಜಲಿನ್ಯಾಗ ಆ ನಡುಗಡ್ಡಿಯಾಕಿ ಒಬ್ಬಾಕಿ ಇರ್ತಾಳ. ಒಮ್ಮೆ ಅಕಿ ಮಗಳಿಗೆ ಒಂದು ಕೇಕು ಕೊಟ್ಟಳು. ಮೆಕ್ಕಿಜೋಳದ ಹಿಟ್ಟು, ಕಬ್ಬಿನ ಪಾಕ, ದಾಲ್ಚಿನ್ನಿ ಹಾಕಿದ್ದು. 1901ರಾಗ ಅವರ ರಾಣಿ ಅಮೆಲಿಯಾ ಅಲ್ಲಿಗೆ ಬಂದಿದ್ದಳಂತ, ಅಕಿ ಹೆಸರಿಲೆ ಡೋನಾ ಅಮೆಲಿಯಾ ಅಂತ ಕರೀತಾರ. ತತ್ತಿ ಇರ್ತದ, ನಾ ತಿನ್ನಂಗಿಲ್ಲ. ಆದ್ರ ಮಗಳು ವೀಡಿಯೋ ಕಾಲ್‌ದಾಗ, "ಅವ್ವಾ, ಇದರ ವಾಸನಿ ಥೇಟ್ ನಿನ್ನ ಮಸಾಲಿ ಡಬ್ಬಿ ತಗದಂಗ ಬರ್ತದ" ಅಂದ್ಲು. ಯುರೋಪಿನ ನಡುಗಡ್ಡ್ಯಾಗ ನಮ್ಮ ಮಸಾಲಿ ಡಬ್ಬಿ ಹ್ಯಾಂಗ ಬಂತು ಅಂತ ಹುಡುಕಲಿಕ್ಕೆ ಹತ್ತಿದೆ. ಅಲ್ಲಿಂದ ಶುರುವಾತು ನೋಡ್ರಿ.

ಹಿಂದಕ ಗೋವಾದಿಂದ, ಮಲಬಾರದಿಂದ ಮೆಣಸು ತುಂಬಿದ ಹಡಗು ಆಫ್ರಿಕಾ ಸುತ್ತಿ ಪೋರ್ಚುಗಲ್‌ಗೆ ವಾಪಸ್ ಹೋಗೂ ಮುಂದ, ಗಾಳಿ ಹಿಡೀಲಿಕ್ಕೆ ಅಟ್ಲಾಂಟಿಕ್‌ದಾಗ ದೊಡ್ಡ ಸುತ್ತು ಹಾಕ್ತಿದ್ವು. ಆವಾಗ ನೀರು-ಊಟಕ್ಕ ನಿಲ್ಲೂ ಜಾಗ ತೆರ್ಸೇರಾದ ಅಂಗ್ರಾ ಬಂದರು. ನಮ್ಮ ಹೊನ್ನಾವರ, ಭಟ್ಕಳ ಕಡೆ ಮೆಣಸೂ ಪೋರ್ಚುಗೀಸರು ಕೊಳ್ತಿದ್ರು. ಗೇರುಸೊಪ್ಪಿ ರಾಣಿ ಚೆನ್ನಭೈರಾದೇವಿಗೆ ಅವರ ಇಟ್ಟ ಹೆಸರು ಮೆಣಸಿನ ರಾಣಿ. ಇನ್ನೊಂದು ಕೇಳ್ರಿ. ವಾಸ್ಕೋ ಡ ಗಾಮಾ 1498ರಾಗ ನಮ್ಮ ದೇಶಕ್ಕ ಬಂದಾಗ ಅವನ ಅಣ್ಣ ಪಾವ್ಲೋ ಇನ್ನೊಂದು ಹಡಗಿನ ಮುಖ್ಯಸ್ಥ ಆಗಿ ಬಂದಿದ್ದ. ವಾಪಸ್ ಹೋಗೂ ಮದ್ಲ ನಮ್ಮ ಕಾರವಾರದ ಎದುರಿನ ಅಂಜದೀವ್ ನಡುಗಡ್ಡಿಯೊಳಗ ಹಡಗು ರಿಪೇರಿ ಮಾಡಕೊಂಡ್ರು. ದಾರ್ಯಾಗ ಅಣ್ಣಗ ಜಡ್ಡಾತು. ವಾಸ್ಕೋ ಅವನ್ನ ತೆರ್ಸೇರಾಕ್ಕ ಕರಕೊಂಡು ಹೋದ, ಅಲ್ಲೆ 1499ರಾಗ ಪಾವ್ಲೋ ತೀರಿಕೊಂಡ. ಅವನ್ನ ಮಣ್ಣು ಮಾಡಿದ್ದು ಅಂಗ್ರಾ ಊರಾಗ. ಸಾಲಿಯೊಳಗ ವಾಸ್ಕೋ ಡ ಗಾಮಾ ಬಂದ ಇಸವಿ ಬಾಯಿಪಾಠ ಮಾಡಿದ್ವಿ. ಅವನಿಗೊಬ್ಬ ಅಣ್ಣ ಇದ್ದ, ಅವ ಮನಿ ಮುಟ್ಟಲಿಲ್ಲ ಅಂತ ಯಾರೂ ಹೇಳಿರಲಿಲ್ಲ.

ಅಲ್ಲಿಯ ಹೆಂಗಸ್ರ ಕಥಿ ಕೇಳಿದ್ರಂತೂ ನಿಮಗ ನಮ್ಮ ಬೆಳವಡಿ ಮಲ್ಲಮ್ಮನ ನೆನಪಾಗ್ತದ. 1581ರಾಗ ಸ್ಪೇನಿನ ಸೈನ್ಯ ಸಾಲ್ಗಾ ಅನ್ನೂ ದಂಡಿಗೆ ಬಂದು ಇಳೀತು. ಊರ ಮಂದಿ ದನಗೋಳ ದೊಡ್ಡ ಹಿಂಡು ಕೂಡಿಸಿ, ಬೆದರಿಸಿ, ಆ ಸೈನ್ಯದ ಮ್ಯಾಲೆ ಬಿಟ್ಟರು. ಸ್ಪೇನಿನವರು ಸಮುದ್ರಕ್ಕ ಓಡಿದ್ರು. ಆ ಜಗಳದಾಗ ಹೆಂಗಸ್ರ ಮುಂದ ನಿಂತಾಕಿ ಬ್ರಿಯಾಂಡಾ ಪೆರೇರಾ ಅಂತ ಹೇಳ್ತಾರ. ಅಲ್ಲೆ ಈಗೂ ಮೇದಿಂದ ಅಕ್ಟೋಬರ್ ತನಕಾ ಹೋರಿ ಕೊಳ್ಳಿಗೆ ಉದ್ದನ ಹಗ್ಗ ಕಟ್ಟಿ ಓಣ್ಯಾಗ ಓಡಿಸ್ತಾರ. ಹಗ್ಗ ಹಿಡದವರು ಹಿಂದ, ಹುಡುಗೂರು ಮುಂದ. ಹೋರಿ ಕೊಲ್ಲೂದಿಲ್ಲ. ಹಾವೇರಿ ಕಡೆ ದೀಪಾವಳ್ಯಾಗ ಹೋರಿ ಬೆದರಿಸೂದು ನೋಡಿದವರಿಗೆ ಹೇಳೂದೇ ಬ್ಯಾಡ. ನಾ ಅದನ್ನ ಗಟ್ಟಿ ಗ್ವಾಡಿ ಹಿಂದ ನಿಂತು ನೋಡಾಕಿ.

ಇನ್ನ ನನ್ನ ಅಂದಾಜು. ಮದ್ಲನೇ ನೇಮ, ದಿನಕ್ಕ ಒಂದ ಜಾಗ. ಎರಡನೇದು, ಎಂಟೂ ದಿನ ಒಂದ ಮನಿ, ಒಂದ ಹಾಸಿಗಿ. ಒಂಬತ್ತೂ ನಡುಗಡ್ಡಿ ನೋಡೂಣು ಅಂತ ನಮ್ಮನಿಯವರು ನಕಾಶಿ ಹರವಿದ್ರು. ನಾ ಮಡಚಿ ಇಟ್ಟೆ. ಮದ್ಲಿನ ನಾಕು ದಿನ ಮಗಳು ಜೋಡಿ ಇರ್ತಾಳ, ಗಾಡಿ ಅಕಿನ ಹೊಡೀತಾಳ. ಹಂಗಾಗಿ ದೂರದ್ದೆಲ್ಲಾ ಆ ನಾಕು ದಿನದಾಗ. ಅಕಿ ಹೋದ ಮ್ಯಾಲೆ ನಾವಿಬ್ಬರೂ ಅಂಗ್ರಾ ಊರಾಗ ನಡಕೋತ ಇರೂದು.

ದೂರದ್ದು ಅಂದ್ರ ಮದ್ಲ ಅಲ್ಗಾರ್ ದೊ ಕಾರ್ವಾವ್. ಜ್ವಾಲಾಮುಖಿ ಹೊಟ್ಟಿಯೊಳಗ ಮನಶ್ಯಾ ನಡದು ಇಳಿಯೂ ಜಾಗ ಜಗತ್ತಿನ್ಯಾಗ ಭಾಳ ಕಡಿಮಿ, ಅದರಾಗ ಇದೊಂದು. ಸಾವಿರಾರು ವರ್ಷದ ಹಿಂದ ಬೆಂಕಿ ರಸ ಕೊಳವಿಯೊಳಗ ಏರಿ ಉಕ್ಕಿ, ಆಮ್ಯಾಲೆ ಕೆಳಗ ಇಳದು ಹೋತು, ಟೊಳ್ಳು ಉಳೀತು. ಹಾಲು ಉಕ್ಕಿ ಇಳದ ಮ್ಯಾಲೆ ಪಾತೇಲಿ ಒಳಗ ಗುರುತು ಉಳೀತದಲ್ಲಾ, ಹಂಗ. ಬಾಯಿ ಸುತ್ತ ಹಸರ ಜರಿಗಿಡ, ಗ್ವಾಡಿಗೆ ಬಿಳೇ ಕಲ್ಲಿನ ಜಾಲರಿ, ತಳದಾಗ ಮಳಿ ನೀರಿನ ಕೆರಿ. 1893ರಾಗ ಮದ್ಲನೇ ಸಲ ಹಗ್ಗ ಹಿಡದು ಇಳದ್ರಂತ. ಈಗ ಮೆಟ್ಲ ಅವ, ನೂರಾರು. ನಾ ಎಲ್ಲಾ ಇಳಿಯಾಕಿ ಅಲ್ಲ. ಮ್ಯಾಲಿನ ಒಂದು ಕಟ್ಟಿ ತನಕಾ ಹೋಗಿ ಕೂಡಾಕಿ. ಅಲ್ಲಿಂದ ಮ್ಯಾಲಿನ ಬಾಯೀನೂ ಕಾಣತದ, ಕೆಳಗಿನ ಕತ್ತಲೀನೂ ಕಾಣತದ. ಇದನ್ನ ಈಗಿಂದನ ಇವರಿಗೆ ಹೇಳಿ ಇಟ್ಟೇನಿ. "ನಂದೇನಿಲ್ಲ" ಅನ್ನೂದು ಈ ಸಲ ಇಲ್ಲ. "ನನಗ ಇಷ್ಟ ಆಗ್ತದ, ನೀವು ಇಳದು ಬರ್ರಿ, ಆಮ್ಯಾಲೆ ಕೂಡೇ ಏರೂಣು" ಅನ್ನೂದು. ಅಲ್ಲೇ ಹತ್ತಿರ ಗಂಧಕದ ಹೊಗಿ ನೆಲದಿಂದ ಏಳೂ ಜಾಗ ಅದ. ಕಟ್ಟಿಗಿ ಹಾದಿ ಮಾಡ್ಯಾರ.

ಇನ್ನೊಂದು ದಿನ ಸೆರ್ರಾ ದೊ ಕುಮೆ ಗುಡ್ಡ. ತುದಿ ತನಕಾ ಗಾಡಿ ಹೋಗ್ತದ, ಮೊಳಕಾಲಿಗೆ ತ್ರಾಸಿಲ್ಲ. ಮ್ಯಾಲಿಂದ ನೋಡಿದ್ರ ಕರೇ ಕಲ್ಲಿನ ಗ್ವಾಡಿ ಹಾಕಿ ತುಂಡು ತುಂಡು ಮಾಡಿದ ಹಸರ ಹೊಲ, ಒಂದೊಂದು ತುಂಡು ಒಂದೊಂದು ಹಸರ. ಅವರೂ ಅದಕ್ಕ ತುಂಡು ಅರಿವಿ ಹೊಲದ ಹೊದಿಕಿ ಅಂತಾರ. ನಮ್ಮ ಭಾಷಾದಾಗ ಕೌದಿ. ಹಳೇ ಜ್ವಾಲಾಮುಖಿ ಕುಸದು ಬಿದ್ದ ದೊಡ್ಡ ಬುಟ್ಟಿಯೊಳಗ ಆ ಕೌದಿ ಹಾಸೇದ. ಮತ್ತೊಂದು ದಿನ ಉತ್ತರ ದಂಡಿ, ಬಿಸ್ಕೋಯ್ತೋಸ್. ಬೆಂಕಿ ರಸ ಸಮುದ್ರಕ್ಕ ಬಂದು ಕರೇ ಕಲ್ಲಾಗಿ ನಿಂತು, ನಡುನಡುವ ಸಮುದ್ರದ ನೀರಿನ ಹೊಂಡ ಆಗ್ಯಾವ. ತೆರಿ ಸಣ್ಣದಿದ್ದಾಗ ಜನ ಈಜ್ತಾರ. ನಾವು ಕಾಲು ಇಳಿಬಿಟ್ಟು ಕೂಡವರು. ಬಾಜೂಕ ಕಲ್ಲಿನ ಸಣ್ಣ ಸಣ್ಣ ಗೂಡಿನೊಳಗ ದ್ರಾಕ್ಷಿ ಬಳ್ಳಿ. ಸಮುದ್ರದ ಉಪ್ಪು ಗಾಳಿ ತಾಗಬಾರದಂತ ಹಂಗ ಕಟ್ಟ್ಯಾರ. ಬಿಜಾಪುರ ಕಡೆ ದ್ರಾಕ್ಷಿ ಬೆಳ್ಯೂ ನಮ್ಮ ಮೌಶಿಯವರು ಅದರ ಫೋಟೋ ತರಲೇಬೇಕಂತ ಹೇಳ್ಯಾರ.

ಅಂಗ್ರಾ ಊರಿನ ಕಥಿ ಬ್ಯಾರೇನ ಅದ. 1980ರ ಜನವರಿ 1ಕ್ಕ, ಹೊಸ ವರ್ಷದ ದಿನಾನ, ದೊಡ್ಡ ಭೂಕಂಪ ಆತು. 60ಕ್ಕೂ ಹೆಚ್ಚು ಜನ ಹೋದ್ರು, ಮನಿಗೋಳಂತೂ ಸಾವಿರಾರು ಬಿದ್ವು. ಹಳೇ ಊರು ಹ್ಯಾಂಗಿತ್ತೋ ಹಂಗ ಕಟ್ಟಲಿಕ್ಕೆ ಹತ್ತಿದ್ರು. 1983ರಾಗ ಯುನೆಸ್ಕೋ ಅದನ್ನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು. ಓಣಿ ಓಣ್ಯಾಗ ಆಟಿಗಿ ಸಾಮಾನಿನಂಗ ಬಣ್ಣ ಹಚ್ಚಿದ ಸಣ್ಣ ಗುಡಿ ಇರ್ತಾವ, ಇಂಪೇರಿಯೋ ಅಂತಾರ. ನಡುಗಡ್ಡ್ಯಾಗ ಎಲ್ಲಾ ಕೂಡಿ 70ರ ಹತ್ತಿರ. ಈಸ್ಟರ್ ಆದ ಮ್ಯಾಲೆ ಎಂಟು ವಾರ ಅಲ್ಲಿ ಪವಿತ್ರಾತ್ಮದ ಹಬ್ಬ. ಊರಿನ ಸಾದಾ ಮನಶ್ಯಾಗ ಬೆಳ್ಳಿ ಕಿರೀಟ ಇಡ್ತಾರ, ಬಂದವರಿಗೆಲ್ಲಾ ಊಟ ಹಾಕ್ತಾರ. ಹುಬ್ಬಳ್ಳಿ ಸಿದ್ಧಾರೂಢರ ಮಠದ ದಾಸೋಹದಾಗ ಉಂಡವರಿಗೆ ಆ ಪಂಕ್ತಿ ಗುರುತು ಸಿಗ್ತದ. ಆದ್ರ ಅಲ್ಲಿ ಸಾರು ಆಕಳ ಮಾಂಸದ್ದು, ನಮಗ ನಡಿಯಂಗಿಲ್ಲ. ನಾವು ಹೋಗೂದು ಜುಲೈ ಮದ್ಲನೇ ವಾರ. ಆವಾಗ ಆ ಎಂಟು ವಾರ ಮುಗದಿರ್ತಾವ, ಗುಡಿ ಅಷ್ಟ ನೋಡೂದು. ಜೂನ್ ಕಡೀಕ ಅಂಗ್ರಾದಾಗ ಸೇಂಟ್ ಜಾನ್ ಹಬ್ಬದ ಗದ್ದಲ. ಅದು ಮುಗದ ಮ್ಯಾಲೆ ಹೋದ್ರ ಬೇಲಿಗೋಳಿಗೆ ನೀಲಿ ಹೈಡ್ರೇಂಜಿಯಾ ಹೂವು ಬಿಟ್ಟಿರ್ತಾವ.

ಊಟದ ಮಾತು. ಈ ಸಲ ನಾ ಹದಿನಾಕು ಕಿಲೋ ಅವಲಕ್ಕಿ, ಚಟ್ನಿಪುಡಿ, ಉಂಡಿ ಹೊರಂಗಿಲ್ಲ. ಮೆಂತೇಹಿಟ್ಟು, ಶೇಂಗಾ ಚಟ್ನಿ, ಉಪ್ಪಿನಕಾಯಿ, ಸಾರಿನಪುಡಿ, ಇಷ್ಟ. ಮನಿ ಬಾಡಗಿಯವರಿಗೆ ಮಗಳ ಕಡಿಂದ ಐದು ಪ್ರಶ್ನಿ ಕೇಳಿಸಿದೆ. ಎಷ್ಟು ಮೆಟ್ಲ, ಒಲಿ ಯಾವುದು, ದೊಡ್ಡ ಪಾತೇಲಿ ಅದ ಏನು, ಅರಿವಿ ಒಗಿಯೂ ಮಷಿನ್ ಅದ ಏನು, ಕಾಯಿಪಲ್ಲೆ ಅಂಗಡಿ ಎಷ್ಟು ದೂರ. ಅಕ್ಕಿ, ಕಡ್ಲಿ, ಬಟಾಟಿ, ಕ್ಯಾಬೀಜ್, ಬಾಳಿಹಣ್ಣು ಎಲ್ಲಾ ಸಿಗ್ತದ. ಅವರು ಇನ್ಯಾಮೆ ಅಂತ ಬೇಯಿಸಿ ತಿನ್ನೂ ಗಡ್ಡಿ ನಮ್ಮ ಕೆಸುವಿನ ಗಡ್ಡೀನ. ಚೀಸ್ ಭಾಳ ಪ್ರಸಿದ್ಧ, ಆದ್ರ ಹಾಲು ಒಡಸಲಿಕ್ಕೆ ಕರುವಿನ ಹೊಟ್ಟಿ ರಸ ಹಾಕೂ ಪದ್ಧತಿ ಅದ. ನೇಮದವರು ಕೇಳೇ ತಗೋಬೇಕು. ಹೋಟೆಲಿನ್ಯಾಗ "ಸೆಂ ಕಾರ್ನ್, ಸೆಂ ಪೈಶ್" ಅನಬೇಕು, ಮಾಂಸ ಬ್ಯಾಡ, ಮೀನ ಬ್ಯಾಡ ಅಂತ. ಭಾಷಾ ಬರೂದಿಲ್ಲಂತ ಅಂಜಬ್ಯಾಡ್ರಿ. ಪಾವ್, ಬಟಾಟಿ, ಚಾವಿ, ಅನಾನಸು, ಪಗಾರ, ಇವೆಲ್ಲಾ ಪೋರ್ಚುಗೀಸರಿಂದಾನ ನಮ್ಮ ಬಾಯಿಗೆ ಬಂದದ್ದು. ಮತ್ತ ಒಂದು ಕರಾರು ಆಗೇದ. ಮುಂಜಾನೆ ಚಹಾ ಮತ್ತ ಫಳಾರ ನಮ್ಮನಿಯವರದು. ಮದ್ಯಾಹ್ನದ ಅನ್ನ ನಂದು. ರಾತ್ರಿ ಹೊರಗ, ಇಲ್ಲಾ ಹಣ್ಣು-ಹಾಲು.

ಇವರ ವಾದ ಸುಳ್ಳಂತ ನಾ ಅನ್ನೂದಿಲ್ಲ. "ಮತ್ತ ಯಾವಾಗ ಹೋಗ್ತೇವೋ ಏನೋ, ಹೋದಾಗ ನಾಕು ಹೆಚ್ಚಿಗೆ ನೋಡಬೇಕು" ಅಂತಾರ. ಜೀವನಾ ಪೂರ್ತಿ ಬ್ಯಾಂಕಿನ್ಯಾಗ ಮಂದಿ ರೊಕ್ಕ ಎಣಿಸಿದವರು, ಕೊಟ್ಟ ರೊಕ್ಕಕ್ಕ ಎಷ್ಟು ಬಂತು ಅಂತ ನೋಡೂ ಚಟ ಬಿಡಂಗಿಲ್ಲ. ಅದಕ್ಕ ವಾಪಸ್ ಬರೂ ಮುಂದ ಲಿಸ್ಬನ್‌ದಾಗ ಎರಡು ದಿನ ಅವರ ಲೆಕ್ಕದಾಗ ಬಿಟ್ಟೇನಿ, ಎಲ್ಲಿ ಬೇಕಾದ್ರೂ ಓಡಾಡಲಿ. ಅಡಚಣಿನೂ ಅವ. ಅಲ್ಲಿ ಒಂದ ದಿನದಾಗ ಬಿಸಲು, ಮಳಿ, ಮಂಜು, ಗಾಳಿ ಎಲ್ಲಾ ಬರ್ತಾವಂತ. ಸೆರ್ರಾ ದೊ ಕುಮೆ ಮ್ಯಾಲೆ ಹೋದಾಗ ಮಂಜು ಮುಚ್ಚಿದ್ರ ಕೌದೀನೂ ಇಲ್ಲ ಏನೂ ಇಲ್ಲ. ಅದಕ್ಕ ನಾಕು ದಿನದಾಗ ಒಂದು ದಿನ ಖಾಲಿ ಇಟ್ಟೇನಿ, ತಪ್ಪಿದ್ದನ್ನ ಆವತ್ತು ನೋಡಬಹುದು. ಬೆಂಕಿ ಉಕ್ಕಿದ್ರ ಅಂತ ಅತ್ತಿಯವರು ಕೇಳಿದ್ರು. ನೆಲದ ಮ್ಯಾಲೆ ಅಲ್ಲಿ ಕಡೀ ಸಲ ಉಕ್ಕಿದ್ದು 1761ರಾಗ. ಸಮುದ್ರದೊಳಗ, ಪಶ್ಚಿಮಕ್ಕ, 1998ರಿಂದ 2001ರ ತನಕಾ. ಸಾಂತಾ ಬಾರ್ಬರಾ ಗುಡ್ಡದ ಕೆಳಗ 2022ರಿಂದ ಸಣ್ಣ ಸಣ್ಣ ನಡುಕ ಹೆಚ್ಚಾಗ್ಯಾವ. ಅಝೋರ್ಸ್ ಸರಕಾರದ ವಿಜ್ಞಾನಿಗೋಳು ಹಗಲೂ ರಾತ್ರಿ ಅದನ್ನ ಅಳೀತಾರ. ಹೋಗೂ ಮದ್ಲ ಮಗಳು ಅವರ ಸೂಚನಾ ನೋಡಾಕಿ. ಅವರು ಬ್ಯಾಡ ಅಂದ್ರ ನಾವೂ ಹೋಗಂಗಿಲ್ಲ.

ವೀಸಾದ್ದು ಕೇಳಿದವರಿಗೆ. ಅಝೋರ್ಸ್‌ಗೆ ಬ್ಯಾರೆ ವೀಸಾ ಬ್ಯಾಡ, ಷೆಂಗೆನ್ ವೀಸಾನ ಸಾಕು. ಯಾವ ದೇಶದಾಗ ಹೆಚ್ಚು ದಿನ ಇರ್ತೀರೋ ಆ ದೇಶಕ್ಕ ಅರ್ಜಿ ಹಾಕಬೇಕು. ನಮಗ ಜರ್ಮನಿ. ಆರು ತಿಂಗಳ ಮದ್ಲಿಂದ ಹಾಕಬಹುದು, 15 ದಿನದಕಿಂತಾ ತಡ ಆಗಬಾರದು. 30,000 ಯೂರೋದ ವಿಮಾ ಬೇಕು. 180 ದಿನದಾಗ 90 ದಿನದ ಮ್ಯಾಲೆ ಇರಲಿಕ್ಕೆ ಬರೂದಿಲ್ಲ.

ವೈನಿ ಅಂದದ್ದಕ್ಕ ನನ್ನ ಉತ್ತರ ಇಷ್ಟ. ಹೆಸರು ಕೇಳಿದ ಮಂದಿ ಹೂಂ ಅನ್ನಲಿ ಅಂತ ಹೋದ ಊರಾಗ ನಾ ಬಸ್ಸಿನೊಳಗ ಕೂತು ಬಂದೆ. ಈಗ ನನಗ ಐವತ್ತಾರು, ಮೊಳಕಾಲು ಇನ್ನೂ ಎಷ್ಟು ವರ್ಷ ಮೆಟ್ಲ ಹತ್ತತಾವೋ ಗೊತ್ತಿಲ್ಲ. ನಿಮ್ಮ ಮನ್ಯಾಗೂ ಯಾರರೆ ಟಿಕೆಟ್ ತಗಸೂ ಮುಂದ ನೀವು ಅಡಗಿಮನ್ಯಾಗ ಇರಬ್ಯಾಡ್ರಿ. ಹೊರಗ ಬಂದು ಬಾಜೂಕ ಕೂತು ನನಗ ಎಷ್ಟು ನಡಿಯೂದಾಗ್ತದ, ಎಲ್ಲಿ ಕೂಡಬೇಕು, ಯಾರು ಅಡಗಿ ಮಾಡವರು ಅಂತ ಮದ್ಲ ಕೇಳ್ರಿ. ಊರು ಆಮ್ಯಾಲೆ ಆರಸ್ರಿ.

ಆಗಸ್ಟಿನ್ಯಾಗ ವಾಪಸ್ ಬರ್ತೇವಿ. ಹ್ಯಾಂಗಿತ್ತು ಅಂತ ಕೇಳ್ರಿ. ಛೊಲೋ ಇರಲಿಲ್ಲಂದ್ರ ಈ ಸಲ ಇರಲಿಲ್ಲ ಅಂತನ ಹೇಳ್ತೀನಿ.